ಮೇಲಿನ ಮೇಜಿನ ಲೆಕ್ಕ

ದ್ಯೂತವನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸಿದ ಹಿರಿಯರು ಅದರ ಲೆಕ್ಕವನ್ನು ಅರಿಯದೆ ಹಾಗೆ ಮಾಡಿದವರಲ್ಲ. ಜೂಜೆಂದರೆ ಬರಿಯ ಅದೃಷ್ಟ, ಅಲ್ಲಿ ಬುದ್ಧಿಗೆ ಕೆಲಸವಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕಾಲೇಜಿನಲ್ಲಿ ಗಣಿತ ಓದಿದ ಮೊಮ್ಮಗನು ಈ ಮಾತನ್ನು ನಂಬುವುದಿಲ್ಲ. ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಸಂಭಾವ್ಯತೆಯ ಗಣಿತವಿದೆ, ಸಂಯಮವಿದೆ, ಎದುರಾಳಿಯ ಮನಸ್ಸನ್ನು ಊಹಿಸುವ ಜಾಣ್ಮೆಯಿದೆ ಎಂಬುದು ಅವನಿಗೆ ಗೊತ್ತು. ಕರ್ನಾಟಕ ಉಚ್ಚ ನ್ಯಾಯಾಲಯವೂ 2013ರಲ್ಲಿ, ಕೌಶಲದ ಆಟವಾಗಿ ಆಡುವಲ್ಲಿ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂತರ್ಜಾಲದ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿದಾಗ ಕೌಶಲವೋ ಅದೃಷ್ಟವೋ ಎಂಬ ಹಳೆಯ ತರ್ಕವನ್ನೇ ಬದಿಗಿರಿಸಿತು. ಆದರೆ ಕಾಯಿದೆಯ ಪುಸ್ತಕದಲ್ಲಿ ಬದಿಗೆ ಸರಿದ ತರ್ಕವು ಮನೆಯ ಪಡಸಾಲೆಯಲ್ಲಿಯೂ ಬದಿಗೆ ಸರಿದಿದೆ ಎನ್ನಲಾಗದು. ಆದುದರಿಂದ ಒಮ್ಮೆ ಆ ಆಟದ ನಿಪುಣರ ಲೆಕ್ಕವನ್ನೇ ಎದುರಿಗಿಟ್ಟುಕೊಂಡು ನೋಡುವುದು ಲೇಸು. ಅದರಲ್ಲಿಯೂ ವಿಶೇಷವಾಗಿ, ಸಣ್ಣ ಪಣದ ಪಂದ್ಯಗಳಲ್ಲಿ ಗೆದ್ದವನು ದೊಡ್ಡ ಪಣದ ಪಂದ್ಯಕ್ಕೆ ಏರುವ ಘಳಿಗೆಯನ್ನು ನೋಡಬೇಕು. ಆ ಆಟದ ಸ್ವಭಾವವೆಲ್ಲ ಅಲ್ಲಿ ಬಯಲಾಗುತ್ತದೆ.

ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ 1970ರಿಂದ ಪೋಕರಿನ ವಿಶ್ವ ಸರಣಿ ಎಂಬ ಸ್ಪರ್ಧೆ ನಡೆಯುತ್ತಿದೆ. ಹಾರ್ಸ್‌ಶೂ ಎಂಬ ಜೂಜುಗೃಹದ ಒಡೆಯ ಬೆನ್ನಿ ಬಿನಿಯನ್ ಇದನ್ನು ಆರಂಭಿಸಿದನು. ಇದರ ಮುಖ್ಯ ಪಂದ್ಯದ ಪ್ರವೇಶಧನವು 1972ರಿಂದ 10,000 ಡಾಲರು. ಆಟದ ಕ್ರಮ ಸರಳವಾದುದು. ಪ್ರತಿಯೊಬ್ಬನ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಈ ಏಳರಲ್ಲಿ ಉತ್ತಮವಾದ ಐದರಿಂದ ಕಟ್ಟಿದ ಜೋಡಣೆ ಯಾರದೋ ಅವನಿಗೆ ಗೆಲುವು. ನಡುನಡುವೆ ಪಣ ಒಡ್ಡುತ್ತಾರೆ. ಪಣಕ್ಕೆ ಸರಿಗಟ್ಟಲಾರದವನು ಎಲೆ ಕೆಳಗಿಟ್ಟು ಹಿಂದೆ ಸರಿಯುತ್ತಾನೆ. ಪಂದ್ಯದಲ್ಲಿ ಪ್ರವೇಶಧನ ಕೊಟ್ಟವನಿಗೆ ಬಿಲ್ಲೆಗಳನ್ನು ಕೊಡುತ್ತಾರೆ. ಬಿಲ್ಲೆ ಮುಗಿದವನು ಹೊರಗೆ. ಎಲ್ಲ ಬಿಲ್ಲೆಗಳೂ ಒಬ್ಬನ ಕೈ ಸೇರುವವರೆಗೆ ಆಟ ನಡೆಯುತ್ತದೆ.

2003ರಲ್ಲಿ ಈ ಪಂದ್ಯವನ್ನು ಗೆದ್ದವನು ಟೆನೆಸಿ ಪ್ರಾಂತ್ಯದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ. ಹಣಮಾಡುವವನು ಎಂಬ ಅರ್ಥದ ಈ ಹೆಸರು ಅವನ ನಿಜವಾದ ಮನೆತನದ ಹೆಸರೇ ಹೌದು. ಅವನು ಅಂತರ್ಜಾಲದಲ್ಲಿ 86 ಡಾಲರಿನ ಅರ್ಹತಾ ಪಂದ್ಯವೊಂದನ್ನು ಆಡಿ, ಅದರಿಂದ ಮೇಲೆ ಮೇಲೆ ಏರಿ, 10,000 ಡಾಲರಿನ ಪಂದ್ಯದಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಪಡೆದನು. ಅವನೇ ನಂತರ ಹೇಳಿಕೊಂಡಂತೆ, ಅವನಿಗೆ ಬೇಕಾಗಿದ್ದುದು ಆ ಹಕ್ಕಲ್ಲ. ಮೊದಲ ಮೂವರಿಗೆ ಲಾಸ್ ವೇಗಾಸಿನ ಸ್ಥಾನ, ನಾಲ್ಕನೆಯವನಿಗೆ 8,000 ಡಾಲರು ನಗದು ಎಂದಿದ್ದಿತು. ಸಾಲವಿದ್ದ ಈ ಲೆಕ್ಕಿಗನು ನಾಲ್ಕನೆಯವನಾಗಲು ಹವಣಿಸಿದನು. ಸ್ನೇಹಿತನೊಬ್ಬನು ಅವನನ್ನು ಬೇರೆಯಾಗಿ ಒಪ್ಪಿಸಿದನು. ಮುಂದೆ 839 ಜನರ ನಡುವೆ ಅವನೇ ಉಳಿದು 25 ಲಕ್ಷ ಡಾಲರು ಪಡೆದನು. ಮರುವರ್ಷ ಆ ಪಂದ್ಯಕ್ಕೆ 2,576 ಜನ ಬಂದರು. 2006ರಲ್ಲಿ 8,773 ಜನ. ತಾವೂ ಹಾಗೆಯೇ ಏರಬಲ್ಲೆವೆಂದು ನಂಬಿ ಬಂದವರೇ ಅವರಲ್ಲಿ ಬಹುಮಂದಿ.

ಅವನು ಏರಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬ ಲೆಕ್ಕಿಗನ ಗೆಲುವನ್ನು ಲೆಕ್ಕದಿಂದಲೇ ನೋಡಬೇಕಷ್ಟೆ. ಆ ವರ್ಷ ಪ್ರತಿಯೊಬ್ಬನೂ 10,000 ಡಾಲರು ಕೊಟ್ಟು 10,000 ಬಿಲ್ಲೆ ಪಡೆದನು. ಒಂದು ಬಿಲ್ಲೆಗೆ ಒಂದು ಡಾಲರು. ಕಡೆಯಲ್ಲಿ 83,90,000 ಬಿಲ್ಲೆಗಳೂ ಮನಿಮೇಕರನ ಮುಂದಿದ್ದುವು. ಅವನ ಕೈಗೆ ಬಂದುದು 25 ಲಕ್ಷ. ಎಂದರೆ ಆರಂಭದಲ್ಲಿ ಒಂದು ಡಾಲರಾಗಿದ್ದ ಬಿಲ್ಲೆಯು ಅಂತ್ಯದಲ್ಲಿ ಮೂವತ್ತು ಸೆಂಟಿಗೆ ಇಳಿಯಿತು. ಉಳಿದ ಹಣವು ಎರಡನೆಯವನು, ಮೂರನೆಯವನು ಎಂದು ಮೊದಲೇ ಹಂಚಿಹೋಗಿತ್ತು. ನಡೆಸುವವರ ಪಾಲೂ ಮೊದಲೇ ಮುರಿದಿದ್ದಿತು. ಆದುದರಿಂದ ಇಂತಹ ಪಂದ್ಯದಲ್ಲಿ ಗೆದ್ದ ಬಿಲ್ಲೆಗಿಂತ ಕಳೆದುಕೊಂಡ ಬಿಲ್ಲೆಗೆ ಬೆಲೆ ಹೆಚ್ಚು. ಇದನ್ನು ಅರಿಯದವನು ಸಮ ಸಾಧ್ಯತೆಯ ಕೈಯಲ್ಲಿ ಇದ್ದುದೆಲ್ಲವನ್ನೂ ಒಡ್ಡಿ, ಅರ್ಧಕ್ಕೆ ಅರ್ಧ ತಾನೇ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಬಿಲ್ಲೆಯ ಲೆಕ್ಕದಲ್ಲಿ ಅದು ಸಮ, ಹಣದ ಲೆಕ್ಕದಲ್ಲಿ ನಷ್ಟ.

ಅರ್ಹತಾ ಪಂದ್ಯಗಳಲ್ಲಿ ಈ ಮಾತು ಇನ್ನೂ ವಿಚಿತ್ರವಾದ ರೂಪ ತಾಳುತ್ತದೆ. ಹತ್ತು ಸ್ಥಾನಗಳಿವೆ, ಹನ್ನೊಂದು ಜನ ಉಳಿದಿದ್ದಾರೆ ಎನ್ನೋಣ. ಹತ್ತೂ ಸ್ಥಾನಗಳ ಬೆಲೆ ಒಂದೇ. ಮೊದಲನೆಯವನಿಗೆ ಹೆಚ್ಚಿಲ್ಲ, ಹತ್ತನೆಯವನಿಗೆ ಕಡಿಮೆಯಿಲ್ಲ. ಆಗ ಬಿಲ್ಲೆ ಸಾಕಷ್ಟಿರುವವನ ಕೈಗೆ ಎರಡು ಎಕ್ಕಗಳು ಬಂದರೂ, ತನ್ನಷ್ಟೇ ಬಲವುಳ್ಳವನು ಎಲ್ಲವನ್ನೂ ಒಡ್ಡಿದ್ದರೆ, ಅವುಗಳನ್ನು ಕೆಳಗಿಡುವುದೇ ಸರಿಯಾದ ಆಟ. ಆಟದ ಅತ್ಯುತ್ತಮ ಎಲೆಗಳನ್ನು ಕೈಯಾರೆ ಬಿಸುಡಬೇಕು. ಸಾಕು ಎಂಬುದು ಎಲ್ಲಿದೆಯೆಂದು ಅರಿತವನಿಗೆ ಮಾತ್ರ ಇದು ಸಾಧ್ಯ. ಪರಿಗ್ರಹ ಪರಿಮಾಣ ವ್ರತವನ್ನು ಕೇಳಿ ಬೆಳೆದವರಿಗೆ ಈ ಮಾತು ಅಪರಿಚಿತವೆನಿಸದು. ಜೂಜಿನ ಮೇಜಿನ ಮೇಲೆ ಅದನ್ನು ಕಾಣುವುದು ಮಾತ್ರ ಸ್ವಲ್ಪ ಮುಜುಗರದ ಸಂಗತಿ.

ಇನ್ನು ಬಂಡವಾಳದ ವಿಚಾರ. ದೊಡ್ಡ ಪಂದ್ಯಕ್ಕೆ ಏರುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ, ಮತ್ತು ಹೆಚ್ಚಿನವರು ಕೇಳಿಕೊಳ್ಳದ ಪ್ರಶ್ನೆಯೂ ಇದೇ. ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ ಎಂಬ ವಿಜ್ಞಾನಿಯು 1956ರಲ್ಲಿ ಪ್ರಕಟಿಸಿದ ಒಂದು ಲೇಖನವು ಇದಕ್ಕೆ ಆಧಾರವಾಗಿದೆ. ಅದರ ತಿರುಳನ್ನು ಅಂಗಡಿಯ ಲೆಕ್ಕದಲ್ಲಿಯೇ ಹೇಳಬಹುದು. ಒಬ್ಬನ ಬಳಿ 10,000 ರೂಪಾಯಿ ಇದೆ. ಹತ್ತು ಸಲದಲ್ಲಿ ಆರು ಸಲ ಅವನೇ ಗೆಲ್ಲುವಂತಹ, ಒಡ್ಡಿದಷ್ಟೇ ಸಿಗುವಂತಹ ಪಂದ್ಯ ಅವನಿಗೆ ದೊರಕಿದೆ. ಇದಕ್ಕಿಂತ ಅನುಕೂಲವಾದ ವ್ಯಾಪಾರ ಲೋಕದಲ್ಲಿ ಅಪರೂಪ. ಅವನು ಪ್ರತಿಸಲವೂ ಕೈಯಲ್ಲಿರುವುದರ ಐದನೆಯ ಒಂದು ಭಾಗವನ್ನು ಒಡ್ಡಿ, ಆರು ಗೆದ್ದು ನಾಲ್ಕು ಸೋತರೆ, ಹತ್ತು ಸಲದ ಕೊನೆಗೆ ಅವನ ಬಳಿ ಸುಮಾರು 12,230 ರೂಪಾಯಿ ಇರುತ್ತದೆ. ಇಷ್ಟು ಒಳ್ಳೆಯ ಪಂದ್ಯದಲ್ಲಿ ಇಷ್ಟೇಕೆ ಜಿಪುಣತನ ಎಂದುಕೊಂಡು ಪ್ರತಿಸಲವೂ ಐದನೆಯ ಎರಡು ಭಾಗ ಒಡ್ಡಿದರೆ, ಅದೇ ಆರು ಗೆಲುವು, ಅದೇ ನಾಲ್ಕು ಸೋಲಿನಲ್ಲಿ ಉಳಿಯುವುದು 9,758. ಐದನೆಯ ಮೂರು ಭಾಗ ಒಡ್ಡಿದರೆ 4,295. ಗೆಲುವು ಮೊದಲು ಬಂದರೂ ಸೋಲು ಮೊದಲು ಬಂದರೂ ಈ ಅಂಕಿಗಳು ಬದಲಾಗುವುದಿಲ್ಲ. ಅನುಮಾನವಿದ್ದವರು ಮುನೀಮನನ್ನು ಕೂರಿಸಿ ಗುಣಿಸಿ ನೋಡಬಹುದು. ಸರಕು ಒಳ್ಳೆಯದು, ಗಿರಾಕಿ ಒಳ್ಳೆಯವನು, ತಪ್ಪಿದ್ದುದು ಪ್ರಮಾಣವೊಂದೇ. ಎಷ್ಟೋ ಪೇಟೆಗಳಲ್ಲಿ ಮುಚ್ಚಿದ ಅಂಗಡಿಗಳ ಕಥೆಯೂ ಇದೇ ಅಲ್ಲವೆ? ಒಂದು ದೀಪಾವಳಿಯ ವ್ಯಾಪಾರ ಚೆನ್ನಾಗಿ ಆಯಿತೆಂದು ಸಾಲ ತಂದು ಎರಡನೆಯ ಅಂಗಡಿ ತೆರೆದವರು ಹೆಚ್ಚಾಗಿ ವ್ಯಾಪಾರ ತಿಳಿಯದವರಾಗಿರಲಿಲ್ಲ.

ಪಂದ್ಯಗಳಲ್ಲಿ ಏರಿಳಿತವು ಈ ಉದಾಹರಣೆಗಿಂತ ಬಹಳ ಹೆಚ್ಚು. ನೂರು ಜನ ಪ್ರವೇಶಿಸಿದರೆ ಸುಮಾರು ಹದಿನೈದು ಜನರಿಗೆ ಮಾತ್ರ ಏನಾದರೂ ಸಿಗುತ್ತದೆ. ಅವರಲ್ಲಿಯೂ ಬಹುಪಾಲು ಮಂದಿಗೆ ಪ್ರವೇಶಧನದ ಎರಡರಷ್ಟೋ ಮೂರರಷ್ಟೋ ಮಾತ್ರ. ದೊಡ್ಡ ಗಂಟು ಕೊನೆಯ ಮೂವರಲ್ಲಿದೆ. ಹೀಗಿರುವಾಗ ನಿಜವಾಗಿ ನಿಪುಣನಾದವನೂ ತಿಂಗಳುಗಟ್ಟಲೆ ಸೋಲುತ್ತಲೇ ಇರಬಹುದು, ನಿಪುಣನಲ್ಲದವನು ಒಂದು ಭಾನುವಾರ ಗೆದ್ದುಬಿಡಬಹುದು. ಇಪ್ಪತ್ತು ಪಂದ್ಯಗಳ ಫಲದಿಂದ ಯಾರ ಯೋಗ್ಯತೆಯೂ ತಿಳಿಯುವುದಿಲ್ಲ. ಆದರೆ ಮನುಷ್ಯನು ತಾನು ಗೆದ್ದ ಇಪ್ಪತ್ತನ್ನು ಯೋಗ್ಯತೆಯೆಂದೂ ಸೋತ ಇಪ್ಪತ್ತನ್ನು ದುರದೃಷ್ಟವೆಂದೂ ಬರೆದಿಟ್ಟುಕೊಳ್ಳುತ್ತಾನೆ. ಈ ಖಾತೆಯನ್ನು ಪರಿಶೋಧಿಸುವವರು ಯಾರೂ ಇಲ್ಲ.

2000ದ ವಿಶ್ವವಿಜೇತ ಕ್ರಿಸ್ ಫರ್ಗ್ಯೂಸನ್ 2006ರಲ್ಲಿ ಒಂದು ಪ್ರಯೋಗಕ್ಕೆ ತೊಡಗಿದನು. ಶೂನ್ಯದಿಂದ, ಎಂದರೆ ಪ್ರವೇಶಧನವೇ ಇಲ್ಲದ ಪಂದ್ಯಗಳಿಂದ ಆರಂಭಿಸಿ, 10,000 ಡಾಲರಿಗೆ ಏರಬೇಕೆಂಬುದು ಗುರಿ. ಅವನು ತನಗೆ ತಾನೇ ಕಟ್ಟಳೆ ಹಾಕಿಕೊಂಡನು. ಅನೇಕ ಮೇಜುಗಳ ಪಂದ್ಯಕ್ಕೆ ಇರುವ ಹಣದ ನೂರಕ್ಕೆ ಎರಡು ಭಾಗಕ್ಕಿಂತ ಹೆಚ್ಚು ಹಾಕಕೂಡದು. ಕೇವಲ ಒಂದು ಡಾಲರಿನ ಪಂದ್ಯಗಳಿಗೆ ಮಾತ್ರ ಇದರಿಂದ ವಿನಾಯಿತಿ. ನಗದು ಆಟಕ್ಕೆ ನೂರಕ್ಕೆ ಐದು. ಮೂರನೆಯ ಕಟ್ಟಳೆಯು ಎಲ್ಲಕ್ಕಿಂತ ಕಠಿಣವಾದುದು: ನಗದು ಆಟದಲ್ಲಿ ಗೆಲ್ಲುತ್ತ ಹೋಗಿ ಮೇಜಿನ ಮೇಲಿನ ಹಣವು ಒಟ್ಟು ಹಣದ ಹತ್ತನೆಯ ಒಂದು ಭಾಗವನ್ನು ಮೀರಿದೊಡನೆ ಎದ್ದು ಹೋಗಬೇಕು. ಸೋಲುತ್ತಿರುವಾಗ ಎಲ್ಲರೂ ಏಳಬೇಕೆನ್ನುತ್ತಾರೆ; ಗೆಲ್ಲುತ್ತಿರುವಾಗ ಏಳಬೇಕೆಂದು ತನಗೆ ತಾನೇ ವಿಧಿಸಿಕೊಂಡವನು ಅಪರೂಪ. ಎರಡು ವರ್ಷದೊಳಗೆ ಅವನು ಗುರಿ ಮುಟ್ಟಿದನು. ನೂರಕ್ಕೆ ಎರಡು ಎಂಬ ಆ ಅಳತೆಯಲ್ಲಿ ನೋಡಿದರೆ, 10,000 ಡಾಲರಿನ ಪಂದ್ಯದಲ್ಲಿ ಕೂರಲು ಐದು ಲಕ್ಷ ಡಾಲರಿನ ಪ್ರತ್ಯೇಕ ಬಂಡವಾಳ ಬೇಕು. ಲಾಸ್ ವೇಗಾಸಿನಲ್ಲಿ ಕೂರುವವರಲ್ಲಿ ಅಷ್ಟನ್ನು ಬೇರೆಯಾಗಿ ಇಟ್ಟುಕೊಂಡವರು ವಿರಳ. ಆದುದರಿಂದ ಅಲ್ಲಿ ಪಾಲು ಮಾರುವ ರೂಢಿ ಇದೆ. ಮನಿಮೇಕರನೂ ತನ್ನ ತಂದೆಗೂ ಸ್ನೇಹಿತನಿಗೂ ಪಾಲು ಮಾರಿಯೇ ಹೋದನು.

ಇಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ತನ್ನ ಪುಡಿಗಾಸಿನ ವಿಷಯದಲ್ಲಿ ಅಷ್ಟು ನೇಮವಂತನಾಗಿದ್ದ ಫರ್ಗ್ಯೂಸನ್ ಸ್ಥಾಪಕರಲ್ಲೊಬ್ಬನಾಗಿದ್ದ ಫುಲ್ ಟಿಲ್ಟ್ ಎಂಬ ಅಂತರ್ಜಾಲ ಸಂಸ್ಥೆಯು 2011ರಲ್ಲಿ ಆಟಗಾರರು ಇಟ್ಟಿದ್ದ ಹಣವನ್ನು ಹಿಂದಿರುಗಿಸಲಾರದೆ ಕುಸಿಯಿತು. ಮುಂದೆ ಸಂಸ್ಥೆ ಕೈಬದಲಾಗಿ, ಸರ್ಕಾರದ ಮೂಲಕ ಆ ಹಣ ಮರಳಿತೆಂಬುದು ನಿಜ. ಆದರೂ ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪರಂಪರೆಯವರಿಗೆ ಇದು ಯೋಚನೆಗೆ ಈಡುಮಾಡುವ ವಿಷಯ. ಸ್ವಂತ ಹಣದ ಶಿಸ್ತು ಬೇರೆ, ಇನ್ನೊಬ್ಬರ ಹಣದ ಶಿಸ್ತು ಬೇರೆ.

ಮೇಲಿನ ಮೇಜಿನಲ್ಲಿ ಕೂರುವ ಜನರೂ ಬೇರೆ ಬಗೆಯವರು. ಕೆಳಗಿನ ಪಂದ್ಯಗಳಲ್ಲಿ ಹಿಂದೆ ಸರಿಯುವವರು ಕಡಿಮೆ. ಎಂತಹ ಎಲೆಯಿದ್ದರೂ ಕಡೆಯವರೆಗೆ ನೋಡಿಯೇ ಬಿಡೋಣ ಎನ್ನುವವರು ಹೆಚ್ಚು. ಅಂತಹವರ ಮುಂದೆ ಹುಸಿ ಪಣ ಒಡ್ಡುವುದು ವ್ಯರ್ಥ. ಒಳ್ಳೆಯ ಎಲೆ ಬರುವವರೆಗೆ ಕಾದು, ಬಂದಾಗ ಪೂರ್ತಿ ಬೆಲೆ ಕೇಳುವುದೇ ಅಲ್ಲಿಯ ಆಟ. ಅದು ಒಂದು ರೀತಿಯ ಪ್ರಾಮಾಣಿಕ ಚಿಲ್ಲರೆ ವ್ಯಾಪಾರ. ಇದೇ ಪ್ರಾಮಾಣಿಕತೆಯನ್ನು ಮೇಲಕ್ಕೆ ಒಯ್ದವನು ಬೇಗನೆ ಬರಿಗೈಯಾಗುತ್ತಾನೆ. ಇವನು ಪಣ ಒಡ್ಡಿದರೆ ಒಳಗೆ ಸರಕಿದೆ ಎಂದು ಅರಿತುಕೊಂಡ ಎದುರಾಳಿಗಳು ಎಲೆ ಕೆಳಗಿಟ್ಟು ಸುಮ್ಮನಾಗುತ್ತಾರೆ. ಆದುದರಿಂದ ಅಲ್ಲಿ ನಿಜವನ್ನೂ ಹುಸಿಯನ್ನೂ ಅಳತೆಯಿಂದ ಬೆರೆಸಬೇಕು. ನಡುವೆ 100 ಇರುವಾಗ ಒಬ್ಬನು ಇನ್ನೂ 100 ಒಡ್ಡಿದರೆ, ಎದುರಾಳಿಗೆ 100 ಕೊಟ್ಟು 200 ಗೆಲ್ಲುವ ಅವಕಾಶ. ಮೂರರಲ್ಲಿ ಒಮ್ಮೆ ಗೆದ್ದರೂ ಅವನಿಗೆ ನಷ್ಟವಿಲ್ಲ. ಹಾಗಾಗಿ ಒಡ್ಡುವವನು ಎರಡು ನಿಜದ ಪಣಕ್ಕೆ ಒಂದು ಹುಸಿ ಪಣವನ್ನು ಸೇರಿಸಿದರೆ ಎದುರಾಳಿಯು ಏನು ಮಾಡಿದರೂ ಒಂದೇ ಆಗುತ್ತದೆ. ಸುಳ್ಳಿಗೂ ಇಷ್ಟು ಕರಾರುವಾಕ್ಕಾದ ತೂಕವಿರುವ ಇನ್ನೊಂದು ವೃತ್ತಿ ಇದೆಯೋ ಇಲ್ಲವೋ. ಮೇಜಿಗೆ ಕುಳಿತವರೆಲ್ಲರೂ ಈ ಮರೆಮಾಚುವಿಕೆಯನ್ನು ಒಪ್ಪಿಯೇ ಕುಳಿತಿರುವುದರಿಂದ ಅದು ಅಸತ್ಯವಲ್ಲ ಎಂದು ವಾದಿಸಬಹುದು. ವಾದದಲ್ಲಿ ಹುರುಳೂ ಇದೆ. ಕದ್ದು ಎಲೆ ನೋಡುವವನಿಗೂ ಹುಸಿ ಪಣ ಒಡ್ಡುವವನಿಗೂ ಇರುವ ಅಂತರವನ್ನು ಯಾರೂ ಅಲ್ಲಗಳೆಯರು. ಆದರೆ ವರ್ಷಗಟ್ಟಲೆ ದಿನಕ್ಕೆ ಹತ್ತು ಗಂಟೆ ಮುಖವನ್ನು ಹುಸಿಗೆ ಪಳಗಿಸಿದವನು ಮನೆಗೆ ಬಂದಾಗ ಆ ಮುಖವನ್ನು ಎಲ್ಲಿ ಕಳಚಿಡುತ್ತಾನೆ ಎಂಬ ಪ್ರಶ್ನೆಯು ಆ ವಾದದಿಂದ ತೀರುವುದಿಲ್ಲ.

ಕಾಲದ ವ್ಯತ್ಯಾಸವೂ ಉಂಟು. ಅಗ್ಗದ ಪಂದ್ಯಗಳಲ್ಲಿ ಕಡ್ಡಾಯವಾಗಿ ಒಡ್ಡಬೇಕಾದ ಪಣವು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತದೆ, ಆಟಗಾರನಿಗೆ ಅವಸರ. ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ ಅದು ಎರಡು ಗಂಟೆಗೊಮ್ಮೆ ಏರುತ್ತದೆ, ಆಟ ದಿನಗಟ್ಟಲೆ ನಡೆಯುತ್ತದೆ. ಅವಸರವನ್ನೇ ಶೌರ್ಯವೆಂದು ಕಲಿತು ಬಂದವನಿಗೆ ಅಲ್ಲಿ ಕಾಯುವುದೇ ಕಷ್ಟ.

ಇಷ್ಟೆಲ್ಲ ತಿಳಿದ ಮೇಲೂ ಭಯವೊಂದು ಉಳಿಯುತ್ತದೆ. 2003ರ ಕೊನೆಯ ಹಂತದಲ್ಲಿ ಮನಿಮೇಕರನ ಎದುರು ಉಳಿದವನು ಸ್ಯಾಮ್ ಫರ್ಹಾ ಎಂಬ ನುರಿತ ವೃತ್ತಿಗಾರ. ಗೆದ್ದವನಿಗೆ 25 ಲಕ್ಷ, ಸೋತವನಿಗೆ 13 ಲಕ್ಷ. ಒಂದು ಕೈಯಲ್ಲಿ ಮನಿಮೇಕರನ ಬಳಿ ಇದ್ದುದು ರಾಜ ಮತ್ತು ಏಳು. ನಡುವಿನ ಎಲೆಗಳಲ್ಲಿ ಒಂಬತ್ತು, ಎರಡು, ಆರು, ಎಂಟು ಬಂದುವು. ಅವನಿಗೆ ಒಳ್ಳೆಯ ಜೋಡಣೆಯೊಂದರ ಆಸೆ ಇದ್ದಿತು. ಕಡೆಯ ಎಲೆ ಮೂರು. ಆಸೆ ಕೈಗೂಡಲಿಲ್ಲ, ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಆಗ ಅವನು ಇದ್ದ ಬಿಲ್ಲೆಯನ್ನೆಲ್ಲ ಮುಂದೆ ನೂಕಿದನು. ಫರ್ಹಾನ ಬಳಿ ಒಂಬತ್ತರ ಜೋಡಿ ಇದ್ದಿತು; ಸರಿಗಟ್ಟಿದ್ದರೆ ಆ ಕೈ ಅವನದೇ. ಅವನು ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟನು. 86 ಡಾಲರಿನಿಂದ ಬಂದ ಈ ಹೊಸಬನು ಇಂತಹ ಹಣದ ಮುಂದೆ ಬರಿಗೈಯಲ್ಲಿ ಇಷ್ಟು ಧೈರ್ಯ ಮಾಡಲಾರನೆಂದು ಅವನು ಎಣಿಸಿರಬಹುದು. ಹಣವನ್ನು ಹಣವೆಂದು ನೋಡಿದವನು ಅಲ್ಲಿ ಸೋಲುತ್ತಾನೆ, ಬಿಲ್ಲೆಯೆಂದು ನೋಡಿದವನು ಗೆಲ್ಲುತ್ತಾನೆ ಎಂದು ಆಟಗಾರರು ಹೇಳಿಕೊಳ್ಳುತ್ತಾರೆ. ಕೇಳಲು ಇದು ವೈರಾಗ್ಯದ ಮಾತಿನಂತೆಯೇ ಇದೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಅದರ ಮೇಲಣ ಮಮತೆಯಲ್ಲಿ ಕಂಡರು. ಆದರೆ ಇಲ್ಲಿ ಮಮತೆಯನ್ನು ಮರೆಯುವುದು ಮಮತೆಯ ವಸ್ತುವನ್ನು ಇನ್ನಷ್ಟು ಪಡೆಯುವುದಕ್ಕಾಗಿ. ವ್ರತದ ಹೊರಮೈ ಅದೇ, ಒಳಮೈ ತಲೆಕೆಳಗು. ಬಾಡಿಗೆಯ ಹಣವನ್ನೋ ಮಗಳ ಶಾಲೆಯ ಶುಲ್ಕವನ್ನೋ ತಂದು ಕುಳಿತವನಿಗಂತೂ ಬಿಲ್ಲೆಯನ್ನು ಬಿಲ್ಲೆಯೆಂದು ಕಾಣಲು ಸಾಧ್ಯವೇ ಇಲ್ಲ. ಪ್ರತಿಯೊಂದರ ಮೇಲೆಯೂ ಅವನಿಗೆ ಒಂದು ಮುಖ ಕಾಣುತ್ತದೆ.

ಈ ವ್ಯಾಪಾರದಿಂದ ಸರಕೇನೂ ಹುಟ್ಟುವುದಿಲ್ಲ ಎಂಬುದನ್ನು ಬಲ್ಲವರು ಒಪ್ಪುತ್ತಾರೆ. 2024ರ ಮುಖ್ಯ ಪಂದ್ಯದಲ್ಲಿ 10,112 ಜನ ಕೊಟ್ಟ ತಲಾ 10,000 ಡಾಲರಿನಲ್ಲಿ 9,300 ಬಹುಮಾನಕ್ಕೆ ಹೋಯಿತು, 700 ನಡೆಸುವವರ ಪಾಲಿಗೆ. ಸಣ್ಣ ಪಂದ್ಯಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಬಡವನಿಂದ ಹೆಚ್ಚು ದಲಾಲಿ ಕೀಳುವುದು ಈ ಪೇಟೆಯಲ್ಲಿಯೂ ಉಂಟು. ಮೇಲಕ್ಕೆ ಏರಲು ನಿಪುಣರು ಹೇಳುವ ಕಾರಣಗಳಲ್ಲಿ ಇದೂ ಒಂದು. 2012ರಲ್ಲಿ ಹತ್ತು ಲಕ್ಷ ಡಾಲರು ಪ್ರವೇಶಧನದ ಪಂದ್ಯವೊಂದು ನಡೆಯಿತು. ಕುಳಿತವರು 48 ಜನ. ಪ್ರತಿಯೊಬ್ಬನ ಹಣದಿಂದ 1,11,111 ಡಾಲರು ಕುಡಿಯುವ ನೀರಿನ ಧರ್ಮಕಾರ್ಯಕ್ಕೆ ಸಂದಿತು, ಒಟ್ಟು 53 ಲಕ್ಷಕ್ಕೂ ಮಿಗಿಲು. ಗೆದ್ದ ಆಂಟೋನಿಯೊ ಎಸ್ಫಾಂಡಿಯಾರಿಗೆ 1,83,46,673 ಡಾಲರು. ಒಂಬತ್ತು ಜನರಿಗೆ ಬಹುಮಾನ, ಮೂವತ್ತೊಂಬತ್ತು ಜನ ಬರಿಗೈಯಲ್ಲಿ ಎದ್ದರು. ನೀರು ಕುಡಿದವರಿಗೆ ಆ ಹಣದ ಮೂಲ ಗೊತ್ತಿರಲಾರದು, ಗೊತ್ತಾದರೂ ಬಾಯಾರಿಕೆ ತೀರಿದ್ದು ಸುಳ್ಳಾಗದು. ಬಸದಿಯ ಜೀರ್ಣೋದ್ಧಾರಕ್ಕೆ ಇಂತಹ ಹಣ ಬಂದರೆ ಟ್ರಸ್ಟಿನವರು ಏನು ಮಾಡಬೇಕು ಎಂಬುದನ್ನು ಅವರವರ ಸಭೆಯೇ ತೀರ್ಮಾನಿಸಲಿ.

ಮಹಾಭಾರತದ ಧರ್ಮರಾಯನು ಪ್ರತಿ ಸೋಲಿನ ನಂತರವೂ ಪಣವನ್ನು ಏರಿಸುತ್ತಲೇ ಹೋದನು. ಅವನಿಗೆ ಏರುವುದೊಂದೇ ಗೊತ್ತಿದ್ದಿತು. ಇಂದಿನ ನಿಪುಣರು ಮೇಲಿನ ಪಂದ್ಯಕ್ಕೆ ಹೋಗುವವನಿಗೆ ಹೇಳುವ ಕಡೆಯ ಮಾತು ಇಳಿಯುವುದನ್ನು ಕುರಿತದ್ದೇ ಆಗಿರುತ್ತದೆ: ಬಂಡವಾಳವು ಇಂತಿಷ್ಟಕ್ಕೆ ಕುಗ್ಗಿದರೆ ಮರಳಿ ಸಣ್ಣ ಪಂದ್ಯಕ್ಕೆ ಬರುವೆನೆಂದು ಏರುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಬರೆಯುವುದು ಸುಲಭ. ಮೇಲೆ ಕುಳಿತವನೆಂದು ಹೆಸರಾದ ಮೇಲೆ ಕೆಳಗಿನ ಮೇಜಿನಲ್ಲಿ ಹಳೆಯ ಪರಿಚಯದವರ ನಡುವೆ ಕೂರುವುದು ಬಹಳ ಕಷ್ಟ. ಗಣಿತಕ್ಕೆ ಮಾನವೆಂಬುದಿಲ್ಲ, ಮನುಷ್ಯನಿಗೆ ಇದೆ.

ಸ್ಟೂ ಅಂಗರ್ ಎಂಬುವನು ಆ ಮುಖ್ಯ ಪಂದ್ಯವನ್ನು 1980ರಲ್ಲಿಯೂ 1981ರಲ್ಲಿಯೂ ಗೆದ್ದನು. ಅವನಷ್ಟು ಎಲೆ ಓದಬಲ್ಲವರು ಹುಟ್ಟಿರಲಿಲ್ಲವೆಂದು ಅವನೊಡನೆ ಆಡಿದವರೇ ಒಪ್ಪುತ್ತಿದ್ದರು. ಇಸ್ಪೀಟಿನಲ್ಲಿ ಗೆದ್ದುದನ್ನು ಅವನು ಕುದುರೆಗಳ ಮೇಲೆಯೂ ಆಟೋಟಗಳ ಮೇಲೆಯೂ ಒಡ್ಡಿ ಕಳೆದನು. ಮಾದಕ ವಸ್ತುಗಳು ಉಳಿದುದನ್ನು ತೆಗೆದುಕೊಂಡವು. 1997ರಲ್ಲಿ ಪ್ರವೇಶಧನಕ್ಕೂ ಕಾಸಿಲ್ಲದಿದ್ದಾಗ ಬಿಲ್ಲಿ ಬ್ಯಾಕ್ಸ್ಟರ್ ಎಂಬ ಆಟಗಾರನು 10,000 ಡಾಲರು ಹಾಕಿದನು. ಅಂಗರ್ ಮೂರನೆಯ ಬಾರಿ ಗೆದ್ದನು. ಹತ್ತು ಲಕ್ಷವನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಮರುವರ್ಷ ಪಂದ್ಯದ ದಿನ ಬಂದಾಗ ಅವನ ಪಾಲಿನ ಹಣ ಕರಗಿಹೋಗಿದ್ದಿತು. ಬ್ಯಾಕ್ಸ್ಟರ್ ಮತ್ತೆ ಪ್ರವೇಶಧನ ಕಟ್ಟಿದನು. ಆಟ ಆರಂಭವಾಗುವ ಹೊತ್ತಿಗೆ ಹಿಂದಿನ ವರ್ಷದ ವಿಜೇತನು ತನ್ನ ಕೋಣೆಯಿಂದ ಕೆಳಗೆ ಇಳಿದು ಬರಲಿಲ್ಲ. ತುಂಬ ದಣಿದಿದ್ದೇನೆ ಎಂದು ಹೇಳಿ ಕಳುಹಿಸಿದನು. ಅದೇ 1998ರ ನವೆಂಬರಿನಲ್ಲಿ ಲಾಸ್ ವೇಗಾಸಿನ ಒಂದು ಅಗ್ಗದ ವಸತಿಗೃಹದಲ್ಲಿ ಅವನು ಸತ್ತುಬಿದ್ದುದು ಕಂಡುಬಂದಿತು. ಅವನಿಗೆ ನಲವತ್ತೈದು ವರ್ಷ. ಬಳಿಯಲ್ಲಿ ಸುಮಾರು 800 ಡಾಲರು ಇದ್ದುವು. ಅಂತ್ಯಕ್ರಿಯೆಗೆ ಸ್ನೇಹಿತರು ಹಣ ಕೂಡಿಸಿದರು.